ಮೂರನೇ ಗುಂಡಿ

"ತಾತ ಎರಡನೇ ಮದುವೆ ಆದ್ರಾ?" ಎಂದು ಓದುಗರೊಬ್ಬರು ಪತ್ರಿಕೆಗೆ ಕಾರ್ಡು ಬರೆದಿದ್ದರು. "ಅಂಗಿಯ ಮೂರನೇ ಗುಂಡಿ ವಾಪಸ್ ಬಂದಿದೆಯಲ್ಲ!"

ಈಚೆಗೆ ಅಪ್ಪನ ಕೈ ನಡುಗತೊಡಗಿದ ಮೇಲೆ ಅವರ 'ಕೊಡೆ ತಾತ' ವ್ಯಂಗ್ಯಚಿತ್ರವನ್ನು ದಿನಾ ಬರೆಯುತ್ತಿದ್ದವಳು ಮಗಳು. ಇದ್ಯಾವ ಗುಂಡಿಯಪ್ಪಾ ಎಂದು ಹಳೆಯ ಚಿತ್ರಗಳ ಕಟ್ಟು ಬಿಚ್ಚಿದಳು. ಚಿತ್ರಕಥೆಯಿಂದ ತಾತನ ಹೆಂಡತಿ ಅಜ್ಜಿ ಮಾಯವಾದ ದಿನದಿಂದ, ಹನ್ನೊಂದು ವರ್ಷ, ತಾತನ ಅಂಗಿಯಲ್ಲಿ ಆ ಗುಂಡಿ ಇರಲೇ ಇಲ್ಲ. ಅಮ್ಮ ತೀರಿಕೊಂಡದ್ದೂ ಅದೇ ವರ್ಷ. ದಿನಾ ನೋಡುತ್ತಿದ್ದ ಮಗಳ ಕಣ್ಣಿಗೇ ಅದು ಬಿದ್ದಿರಲಿಲ್ಲ; ಗೊತ್ತಿಲ್ಲದೆ ತಾನೇ ಗುಂಡಿಯನ್ನು ಬರೆದುಬಿಟ್ಟಿದ್ದಳು.

ನಾಳೆಯ ಚಿತ್ರದಲ್ಲಿ ಗುಂಡಿಯನ್ನು ಅಳಿಸಲು ಅವಳು ಬಿಳಿ ಬಣ್ಣದಲ್ಲಿ ಕುಂಚ ಅದ್ದಿದಳು. ಪಕ್ಕದಲ್ಲೇ ಕೂತಿದ್ದ ಅಪ್ಪ ಅವಳ ಕೈ ಹಿಡಿದರು.

"ಇರಲಿ ಬಿಡಮ್ಮ. ಎಷ್ಟು ದಿನ ಅಂತ ಹಾಗೇ ಓಡಾಡ್ತಾನೆ? ತಾನೇ ಹೊಲ್ಕೊಂಡಿದಾನೆ ಅಂತ ತೋರ್ಸು. ಬೆರಳಿಗೆ ಮಾತ್ರ ಒಂದು ಪಟ್ಟಿ ಕಟ್ಟು."