ಯಾರ ಕಡೆಯಿಂದ ಬಂತು

"ದೋಷ ಇರೋದು ನಿಮ್ಮ ರಕ್ತದಾಗರಿ," ಎಂದು ಡಾಕ್ಟರ್ ಸುಲ್ತಾನಾ ಹೇಳಿದಾಗ ಯಶೋಧರಾ ಅದು ತನಗೇ ಹೇಳಿದ ಮಾತೆಂದುಕೊಂಡಳು. ಆದರೆ ಡಾಕ್ಟರ್ ನೋಡುತ್ತಿದ್ದದ್ದು ಪಕ್ಕದಲ್ಲಿದ್ದ ಅವಳ ಗಂಡ ಲೋಹಿತನನ್ನು.

ಅವರ ಒಬ್ಬನೇ ಮಗ ಹುಲಗೇಶನಿಗೆ ಹದಿನಾಲ್ಕರಲ್ಲೇ ಮೊಣಕಾಲಿನ ಎಲುಬಿನ ಕ್ಯಾನ್ಸರ್. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಶನ್ ಆಗಿ ಕಿಮೋ ನಡೆದಿತ್ತು. ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಇದು ವಂಶದಿಂದಲೇ ಬರುತ್ತದೆ ಎಂದು ಡಾಕ್ಟರ್ ಮೊದಲು ಅವನ ರಕ್ತವನ್ನು, ಆಮೇಲೆ ತಂದೆತಾಯಿಯ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಮಗನಲ್ಲಿ ಕೆಟ್ಟಿದ್ದ ಜೀನ್ ಈಗ ತಂದೆಯಲ್ಲೂ ಕಂಡಿತ್ತು. ಯಶೋಧರಾಳ ರಕ್ತದಲ್ಲಿ ಏನೂ ಇರಲಿಲ್ಲ.

ಅವಳಿಗೆ ಒಮ್ಮೆಲೇ ಎದೆ ಹಗುರಾಯಿತು. ಇಂಥ ರೋಗ ನಮ್ಮ ಮನೆತನದಲ್ಲಿಲ್ಲ, ತಾಯಿಯ ಕಡೆಯಿಂದಲೇ ಬಂದಿರಬೇಕು ಎಂದು ಅತ್ತೆ ಅಕ್ಕವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಚಹಾ ತಂದಿಡುತ್ತ ಯಶೋಧರಾ ಅದನ್ನೆಲ್ಲ ಕೇಳಿಸಿಕೊಂಡಿದ್ದಳು. ನನ್ನದಲ್ಲ, ನನ್ನದಲ್ಲ ಎಂದು ಮನಸ್ಸು ಕುಣಿಯುತ್ತಿರುವಾಗಲೇ ಡಾಕ್ಟರ ಮಾತು ಕಿವಿಗೆ ಬಿತ್ತು. ಲೋಹಿತನಿಗೂ ಮೈಯ ಯಾವ ಭಾಗದಲ್ಲಾದರೂ ಕ್ಯಾನ್ಸರ್ ಬರಬಹುದು, ಬರದೆಯೂ ಇರಬಹುದು. ವರ್ಷ ವರ್ಷ ತಪಾಸಣೆಯಂತೂ ತಪ್ಪಿಸಬಾರದು. ಗಂಡನ ಜೀವದ ಸುದ್ದಿ ಕೇಳಿ ನಾನು ಖುಷಿಪಟ್ಟೆನೆ?

ನವನಗರದ ಮನೆ ಮುಟ್ಟುವವರೆಗೂ ಬೈಕಿನ ಹಿಂದೆ ಕುಳಿತ ಯಶೋಧರಾ, ಇದು ನನ್ನ ಕಡೆಯಿಂದ ಬಂದದ್ದಲ್ಲ ಎಂದು ಅತ್ತೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಳು. ಹುಲಗೇಶ ಒಳಕೋಣೆಯಲ್ಲಿ ಮಲಗಿದ್ದ. ಪಡಸಾಲೆಯಲ್ಲಿ ಕಾಯುತ್ತ ಕುಳಿತಿದ್ದ ಅಕ್ಕವ್ವ, ಏನಂದರು ಎಂದು ಕೇಳಿದಳು.

"ಇನ್ನೂ ತಿಳದಿಲ್ಲಂತ್ರಿ, ಅತ್ತಿ," ಎಂದಳು ಯಶೋಧರಾ. ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಅವಳು ಆಡಲಿಲ್ಲ.

"ತಿಳದೈತಿ," ಲೋಹಿತ ಗೋಡೆಗೆ ಒರಗಿದ. "ನನ್ನ ರಕ್ತದಾಗ ಐತಿ, ಯವ್ವಾ. ನನ್ನಿಂದನ ಅವಗ ಬಂದದ್ದು. ನನಗ ಯಾರ ಕಡಿಯಿಂದ ಬಂತು ನೋಡಬೇಕಂತ. ನಿನ್ನ ರಕ್ತಾನೂ ಕೇಳ್ಯಾರ."

ಅಕ್ಕವ್ವ ಸೆರಗಿನ ತುದಿಯನ್ನು ಮಡಚುತ್ತ, ಬಿಡಿಸುತ್ತ ಕುಳಿತಳು. ಆಮೇಲೆ ಮಗನನ್ನು ಬಿಟ್ಟು ಸೊಸೆಯ ಕಡೆ ನೋಡಿದಳು.

"ನನ್ನ ತವರೂರು ಮುಗದದಾಗ ನನಗೊಬ್ಬ ತಮ್ಮ ಇದ್ದ, ಅರ್ಜುನಪ್ಪ ಅಂತ. ಸಣ್ಣಾಂವಿದ್ದಾಗನ ತೀರಿಕೊಂಡ. ಗಿಡದ ಮ್ಯಾಲಿಂದ ಬಿದ್ದ ಅಂತ ಊರಿಗೆಲ್ಲಾ ಹೇಳಿದ್ವಿ. ನನ್ನ ಲಗ್ನ ಆಗಬೇಕಿತ್ತಲ್ಲಾ." ಅವಳ ದನಿ ಕುಗ್ಗಿತು. "ಅಂವ ಬಿದ್ದಿದ್ದಿಲ್ಲ. ಅವನ ಕಾಲೂ ಹುಲಗೇಶನ ಕಾಲಿನಂಗ ಬಾತಿತ್ತು."

ಯಶೋಧರಾಳಿಗೆ ಸಿಟ್ಟೂ ಬರಲಿಲ್ಲ. ಅವಳು ಗಂಡನತ್ತ ತಿರುಗಿದಳು.

ಲೋಹಿತ ಬಗ್ಗಿ, ತನ್ನ ಮೊಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ.