ಹಿಂದಿನ ಸೀಟು

ಗಾಡಿ ಇನ್ನೂ ಚಾಲೂನೇ ಆಗಿಲ್ಲ ಎಂದುಕೊಂಡು ರೇವಪ್ಪ ರೇಸ್ ಕೊಟ್ಟಿದ್ದೇ ತಡ, ಬಾಡಿಗೆ ಸ್ಕೂಟರ್ ಚಂಗನೆ ಜಿಗಿದು ಪಕ್ಕದ ಎಳನೀರಿನ ರಾಶಿಗೆ ಹೋಗಿ ಗುದ್ದಿತು. ಎಳನೀರು ಸಿಕ್ಕ ಸಿಕ್ಕ ದಿಕ್ಕಿಗೆ ಉರುಳಿದವು. "ಕರೆಂಟಿನ ಗಾಡಿ ಸಾಬ್, ಇದು ಸದ್ದು ಮಾಡೋದಿಲ್ಲ" ಎಂದು ಅಂಗಡಿಯವನು ಹಿಂದಿಯಲ್ಲಿ ಬಡಕೊಂಡಿದ್ದನ್ನು ಕೇಳಬೇಕಲ್ಲ! ತಿಕೋಟಾದ ಓಣಿಓಣಿಯಲ್ಲಿ ಬುಲೆಟ್ ಹೊಡೆದ ಆಸಾಮಿ. ಡಬಡಬ ಅನ್ನದ ಗಾಡಿಯನ್ನು ಗಾಡಿ ಎಂದು ಒಪ್ಪಲು ಅವನು ತಯಾರಿರಲಿಲ್ಲ.

ಹೆಂಡತಿ ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಸರೀರಿ ಆ ಕಡೆ. ನಾ ಹೊಡೀತೇನಿ."

"ನೀ ಹೊಡದು ನಾ ಹಿಂದ ಕುಂಡ್ರೂದಾ? ಮಂದಿ ಏನಂದಾರು?"

"ಯಾವ ಮಂದಿರಿ ಇಲ್ಲಿ? ಅಂಡಮಾನದಾಗ ನಿಮ್ಮ ಕಾಕಾ ಅದಾನೋ, ಮಾಮಾ ಅದಾನೋ?"

ಮಾತು ಖರೇನೇ. ಗೊಬ್ಬರದ ಕಂಪನಿ ಈ ಪುಟ್ಟ ದ್ವೀಪಕ್ಕೆ ಜೋಡಿಜೋಡಿಯಾಗಿ ಕರೆತಂದಿದ್ದ ಉಳಿದ ಡೀಲರ್‌ಗಳೆಲ್ಲ ಬೋಟು ಹತ್ತಿ ಮೀನು ನೋಡಲು ಹೋಗಿದ್ದರು. ಮಹಾನಂದಾ ಮಗಳ ಸ್ಕೂಟಿ ಮೇಲೆ ದ್ರಾಕ್ಷಿ ಪಡದ ಸಾಲುಗಳ ನಡುವೆ ಕಲಿತವಳು, ಲೈಸೆನ್ಸೂ ಮಾಡಿಸಿದವಳು. ಆದರೆ ಊರ ರಸ್ತೆಗೆ ಇಳಿಯಲು ಗಂಡ ಬಿಟ್ಟಿರಲಿಲ್ಲ. ತನಗೂ ಒಂದು ಗಾಡಿ ಕೊಡಿಸಿರೆಂದು ಕೇಳಿ ಕೇಳಿ ಆಕೆಯ ನಾಲಿಗೆ ಸವೆದಿತ್ತು.

ರೇವಪ್ಪ ಉರುಳಿದ ಎಳನೀರುಗಳನ್ನೂ ಹೆಂಡತಿಯ ಮುಖವನ್ನೂ ನೋಡಿದ. "ಆತು. ನನ್ನ ಸುರಳೀತ ಸಮುದ್ರದ ದಂಡೀಗೆ ಮುಟ್ಟಸು. ಮುಟ್ಟಿಸಿದಿ ಅಂದ್ರ ಊರಿಗೆ ಹೋದ ಕೂಡ್ಲೆ ಗಾಡಿ ಕೊಡಸ್ತೇನಿ."

ಆಮೇಲೆ ನೋಡಬೇಕಿತ್ತು ಆಕೆಯ ಡೌಲು! ಸೆರಗು ಸೊಂಟಕ್ಕೆ ಸಿಗಿಸಿದ್ದೇನು, ಹೆಲ್ಮೆಟ್ ಏರಿಸಿದ್ದೇನು! ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ತೆಂಗಿನ ತೋಪು, ನಡುವೆ ಸದ್ದಿಲ್ಲದೆ ತೇಲುವ ಗಾಡಿ. ಗಾಡಿ ಸುಮ್ಮನಿದ್ದಷ್ಟೂ ಸವಾರಳ ಬಾಯಿ ಜೋರಾಯಿತು. "ನೋಡ್ರಿ, ಹೆಂಗ ಹೊಂಟೈತಿ! ಇನ್ನ ಜೈನಾಪುರಕ್ಕ ನಮ್ಮವ್ವನ ಕಡೆ ಹೋಗೂದಿತ್ತಂದ್ರ ನಿಮ್ಮ ಮಾರಿ ನೋಡ್ಕೋತ ಕುಂಡ್ರೂದ ತಪ್ಪತೈತಿ. ತೊರವಿ ಗುಡೀಗೂ ನಾನ ಹೋಗಿ ಬರತೇನಿ. ನಿಮಗೂ ಅಂಗಡಿಗೆ ಬಿಸಿ ಬಿಸಿ ರೊಟ್ಟಿ ತರತೇನಿ. ಬಣ್ಣ ಕೆಂಪ ಇರ್ಲ್ಯಾ?" ಹಿಂದಿನಿಂದ ಉತ್ತರವಿಲ್ಲ. ಬೇಡ ಅನ್ನಲಿಲ್ಲವಲ್ಲ, ಅಷ್ಟೇ ಸಾಕೆಂದು ಆಕೆ ಇನ್ನಷ್ಟು ರೇಸ್ ಕೊಟ್ಟಳು.

ದಂಡೆ ಬಂತು. "ಇಳೀರಿ! ಗೆದ್ದೆ!" ಎಂದು ಹೊರಳಿ ನೋಡಿದರೆ ಸೀಟು ಖಾಲಿ.

ಅಯ್ಯ ಶಿವನ, ಎಲ್ಲಿ ಬಿದ್ದನೋ, ಕೈ ಮುರಿಯಿತೋ ಕಾಲು ಮುರಿಯಿತೋ! ಗಾಡಿಯ ಆಸೆ ಹಾಳಾಗಿ ಹೋಗಲಿ, ಗಂಡ ಸಿಕ್ಕರೆ ಸಾಕು. ಫೋನ್ ಮಾಡೋಣವೆಂದರೆ ಅವನ ಮೊಬೈಲು ಆಕೆಯ ಚೀಲದಲ್ಲೇ ಇತ್ತು. ಬಂದ ದಾರಿಗೇ ಗಾಡಿ ತಿರುಗಿಸಿ, ಮೊದಲು ಬರುವಾಗ ತಾನು ನಿಧಾನ ಮಾಡಿದ್ದ ಸ್ಪೀಡ್ ಬ್ರೇಕರ್‌ತನಕ ಬಂದಳು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ತೋಪಿನ ಕಡೆಗೆ "ರೀ! ರೀ!" ಎಂದು ಕೂಗಿದಳು. ಯಾರೂ ಓಗೊಡಲಿಲ್ಲ. ಹೆಸರು ಹಿಡಿದು ಕೂಗೋಣವೆಂದರೆ ಅದು ಹಲ್ಲಿನ ಹತ್ತಿರ ಬಂದು ನಿಂತುಬಿಟ್ಟಿತು. ಮದುವೆಯಾದಾಗಿನಿಂದ ಗಂಡನ ಹೆಸರು ಹೇಳಿದ್ದೆಂದರೆ ಬಸಿರಿಯ ಕುಬಸದಲ್ಲಿ, ಕೂಸಿನ ತೊಟ್ಟಿಲ ಶಾಸ್ತ್ರದಲ್ಲಿ, ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಅದೂ ಪ್ರಾಸ ಕೂಡಿಸಿ ಒಡಪು ಕಟ್ಟಿಯೇ. ಬರಿಯ ಹೆಸರು ಆ ಬಾಯಿಯಿಂದ ಹೊರಡುವುದೇ ಇಲ್ಲ. ಹೆಲ್ಮೆಟ್ ಕಳಚಿದಳು, ಕಣ್ಣು ಮುಚ್ಚಿದಳು, ಸಮುದ್ರದ ಸದ್ದನ್ನೂ ಮೀರಿಸಿ ಒದರಿದಳು:

"ಸುತ್ತಮುತ್ತ ನೀರ, ನಟ್ಟನಡುವ ಮಣ್ಣ,
ರೇವಪ್ಪನವರನ್ನ ಹುಡುಕಿ ಹುಡುಕಿ ಸೋತಾವ ಕಣ್ಣ!"

ತೆಂಗಿನ ಗಿಡದ ಮರೆಯಿಂದ ರೇವಪ್ಪ ಹೊರಗೆ ಬಂದ. ಕೈಕಾಲು ನೆಟ್ಟಗಿದ್ದವು. ಮುಖ ಮಾತ್ರ ಕೆಂಪಾಗಿತ್ತು.

"ಬಿದ್ರ್ಯಾ?" ಆಕೆ ಓಡಿಹೋಗಿ ಅವನ ತೋಳು, ಮೊಣಕೈ ಎಲ್ಲ ಮುಟ್ಟಿ ನೋಡಿದಳು.

"ಬೀಳಲಿಲ್ಲ. ಇಳದೆ."

"ಇಳದ್ರಿ? ಯಾಕ?"

"ಬಬಲೇಶ್ವರದ ಡೀಲರ್ ಸಂಗನಬಸವ ಎದುರಿಗೆ ನಡಕೋತ ಬರಾಕತ್ತಿದ್ದ, ನೀ ಮಾತಿನ ಭರದಾಗ ನೋಡಲಿಲ್ಲ. ಬೋಟಿಗೆ ಹೋಗೇ ಇಲ್ಲ ಆ ಮಗ! ಹೆಂಡ್ತಿ ಹಿಂದ ಕುಂತಿದ್ದ ಕಂಡ ಅಂದ್ರ ನಾ ಮುಟ್ಟೂದಕ್ಕಿಂತ ಮೊದಲ ತಿಕೋಟಾಕ್ಕ ಸುದ್ದಿ ಮುಟ್ಟತಿತ್ತು. ನೀ ಗಾಡಿ ಸಾವಕಾಶ ಮಾಡಿದಿ, ಸರಕ್ನ ಜಾರಿದೆ. ನೀ ರೀ ಅಂದಾಗನ ಕೇಳಿಸಿತ್ತು. ಮಾರಿ ತೋರಸಾಕ ನಾಚಿಕಿ ಆತು." ಇಷ್ಟು ಹೇಳಿ ತಲೆ ಕೆರೆದುಕೊಂಡವನು, ಆಚೀಚೆ ನೋಡಿ, ದನಿ ತಗ್ಗಿಸಿದ. "ಆ ಒಡಪ ಇನ್ನೊಂದ ಸಲ ಹೇಳಲೇ. ಭಾಳ ಚಲೋ ಅನ್ನಿಸ್ತು. ದಂಡಿನೂ ಬ್ಯಾಡ, ಏನೂ ಬ್ಯಾಡ, ಗಾಡಿ ಕೊಡಸ್ತೇನಿ."

ಮಹಾನಂದಾಗೆ ಸಿಟ್ಟು ಬಂತು, ನಗು ಬಂತು, ಅಳುವೂ ಬಂತು. ಕಡೆಗೆ ಗೆದ್ದದ್ದು ನಗು. ಹೆಲ್ಮೆಟ್ ಮತ್ತೆ ತಲೆಗೇರಿಸಿ, ಸಂಗನಬಸವ ಹೋದ ದಿಕ್ಕಿಗೇ ಮೂತಿ ಮಾಡಿ ನಿಂತಿದ್ದ ಗಾಡಿಯನ್ನು ಏರಿದಳು.

"ಹೇಳತೇನಿ, ಹತ್ರಿ ಹಿಂದ. ಸಂಗನಬಸವಣ್ಣಾರು ಇನ್ನೂ ಭಾಳ ದೂರ ಹೋಗಿರಂಗಿಲ್ಲ. ಅವರ ಮುಂದ ಗಾಡಿ ನಿಲ್ಲಸ್ತೇನಿ. ನೀವು ಇಳೀಬ್ಯಾಡ್ರಿ, ಕುಂತಲ್ಲೇ ಕೇಳ್ರಿ."