ಮುಷ್ಟಿಯಲ್ಲೇ ಉಳಿದ ಅಕ್ಷತೆ

ಛತ್ರದ ಬಾಗಿಲಲ್ಲೇ ಆ ಫೋಟೋ ನಿಲ್ಲಿಸಿದ್ದರು... ಆಳೆತ್ತರದ್ದು, ಕಪ್ಪು ಬಿಳುಪು.

ಎಡಗೈ ಮೇಲೆತ್ತಿ ಚೆಂಡು ಬಿಡುತ್ತಿರುವ ಹುಡುಗಿ. ಕೆಳಗೆ ದಪ್ಪ ಅಕ್ಷರದಲ್ಲಿ, "ವಧುವಿನ ಅಜ್ಜಿ ಇಂದುಮತಿ, ಭಾರತ ಮಹಿಳಾ ತಂಡದ ಮಾಜಿ ಸ್ಪಿನ್ನರ್".

ಬೀಗರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. "ಇಂಥ ಅಜ್ಜಿ ಮೊಮ್ಮಗಳು ಅಂದ್ಮೇಲೆ ನಮ್ಮ ಹುಡುಗ ಕ್ಲೀನ್ ಬೌಲ್ಡ್ ಬಿಡಿ" ಎಂದು ನಕ್ಕರು. ಇಂದುಮತಿಯವರ ಮಗ ರಘುನಂದನನ ಮುಖ ಅರಳಿತು.

ನಾನು ಅವರ ಪಕ್ಕದ ಮನೆಯವಳು. ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇರೆ ಇಟ್ಟಿದ್ದೇನೆ.

ಚಿಕ್ಕವರಿದ್ದಾಗ ಊಟಕ್ಕೆ ಕೂತರೆ ಇಂದುಮತಿಯವರ ಎಡಗೈಯನ್ನು ಅವರ ತಾಯಿ ಬೆನ್ನ ಹಿಂದೆ ಕಟ್ಟುತ್ತಿದ್ದರಂತೆ... ಬಲಗೈಯಲ್ಲಿ ಉಣ್ಣುವುದು ರೂಢಿಯಾಗಲಿ ಎಂದು.

ಕಟ್ಟು ಬಿಚ್ಚಿದ ಮೇಲೆ ಅದೇ ಕೈ ವಠಾರದ ಹುಡುಗರ ವಿಕೆಟ್ ಕಿತ್ತಿತು. ಮುಂದೆ ದೇಶಕ್ಕಾಗಿ ಆಡಿತು. ರೈಲ್ವೆಯಲ್ಲಿ ಕೆಲಸ ಕೊಡಿಸಿತು. ಗಂಡ ತೀರಿಕೊಂಡ ಮೇಲೆ ಮಗನನ್ನು ಓದಿಸಿತು.

ಹೋದ ವರ್ಷ ಸ್ಟ್ರೋಕ್ ಆಗಿ ಬಲಭಾಗ ಪೂರ್ತಿ ಸೋತಿತು. ಮಾತೂ ತೊದಲು. ಉಳಿದದ್ದು ಆ ಎಡಗೈ ಒಂದೇ...

ಮೊಮ್ಮಗಳು ನಿಹಾರಿಕಾಳ ತಲೆಗೆ ಅಕ್ಷತೆ ಹಾಕಬೇಕು. ಅವರಿಗಿದ್ದ ಆಸೆ ಅಷ್ಟೇ.

ವೀಲ್‌ಚೇರ್ ಮಂಟಪ ಹತ್ತುವುದಿಲ್ಲ, ಕೆಳಗಿನಿಂದಲೇ ಹಾಕಬೇಕು. ಅದಕ್ಕೆಂದೇ ಸೋಫಾ ಮೇಲೆ ದಿಂಬು ಇಡಿಸಿ, ದೂರದಿಂದ ಅಕ್ಕಿ ಎಸೆದು ಅಭ್ಯಾಸ ಮಾಡುತ್ತಿದ್ದರು. ಹಿಂದೆ ತೇಲಿಸಿ ಬಿಡುತ್ತಿದ್ದ ಚೆಂಡಿನಂತೆ ಕಾಳು ಮೇಲೇರಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ದಿಂಬಿನ ಮೇಲೆಯೇ ಇಳಿಯುತ್ತಿತ್ತು.

"ಫ್ಲೈಟ್ ಕಣೇ..." ಎಂದು ನನ್ನತ್ತ ನೋಡಿ ಸೊಟ್ಟ ಬಾಯಲ್ಲೇ ನಗುತ್ತಿದ್ದರು.

ಮುಹೂರ್ತ ಬಂತು. ಧಾರೆ ಎರೆದು ಕೆಳಗಿಳಿದ ರಘುನಂದನ ಅಮ್ಮನ ಪಕ್ಕವೇ ಬಂದು ನಿಂತ. ಗಟ್ಟಿಮೇಳ ಶುರುವಾಯಿತು. ಇಂದುಮತಿಯವರ ಎಡಗೈ ಮೇಲೆದ್ದಿತು...

ಅವನು ಅವರ ಮಣಿಕಟ್ಟು ಹಿಡಿದು ಮಡಿಲಿಗೆ ಇಳಿಸಿದ.

"ಎಡಗೈಲಿ ಬೇಡಮ್ಮ. ಬೀಗರು ನೋಡ್ತಿದ್ದಾರೆ."

ಮೆತ್ತಗೇ ಹೇಳಿದ, ಗದರಲಿಲ್ಲ. ತಾಳಿ ಕಟ್ಟಿ ಮುಗಿಯುವವರೆಗೂ ಹಿಡಿತ ಮಾತ್ರ ಬಿಡಲಿಲ್ಲ.

ಜೋಡಿ ಕಾಲಿಗೆ ಬಿದ್ದಾಗ ಅಮ್ಮನ ಜೀವವಿಲ್ಲದ ಬಲಗೈಯನ್ನು ಅವನೇ ಎತ್ತಿ ಮಗಳ ತಲೆ ಮೇಲಿಟ್ಟ. ಫೋಟೋಗ್ರಾಫರ್, "ಅಜ್ಜಿ, ಸ್ವಲ್ಪ ನಗಿ" ಎಂದ.

ಊಟಕ್ಕೆ ಕರೆದರೆ ಅವರು ಬೇಡವೆಂದು ತಲೆಯಾಡಿಸಿದರು. ಎಲ್ಲರೆದುರು ಎಡಗೈಯಲ್ಲಿ ಉಣ್ಣಲು ನಾಚಿಕೆ ಇರಬೇಕು ಎಂದುಕೊಂಡೆವು.

ಸಂಜೆ ಹುಡುಗಿಯನ್ನು ಗಂಡನ ಮನೆಗೆ ಕಳಿಸಿದ ಮೇಲೆ, ಅಮ್ಮನನ್ನು ಕಾರಿಗೆ ಹತ್ತಿಸಲು ಬಂದ ರಘುನಂದನ ಆ ಮುಚ್ಚಿದ ಮುಷ್ಟಿ ನೋಡಿದ. ಬೆರಳು ಬಿಡಿಸಿದ...

ಬೆಳಗಿನ ಅಕ್ಷತೆ. ಬೆವರಿಗೆ ಅಂಟಿಕೊಂಡಿತ್ತು. ಅಂಗೈಯೆಲ್ಲ ಅರಿಶಿನ.

ಅವನು ಅಲ್ಲೇ ಕುಸಿದು ಕೂತ. "ಈಗ ಹಾಕಮ್ಮ... ನನ್ನ ತಲೆ ಮೇಲಾದ್ರೂ ಹಾಕು" ಎಂದು ಅತ್ತ.

ಅವರು ಮಗನ ತಲೆ ನೋಡಿದರು. ಗೇಟಿನಾಚೆಯ ಖಾಲಿ ರಸ್ತೆ ನೋಡಿದರು.

"ಓವರ್... ಮುಗೀತಪ್ಪ."

ಅಂಗೈ ಮಗುಚಿದರು. ಕಾಳು ನೆಲಕ್ಕೆ ಬಿತ್ತು.

ಹಿಂದೆ ಛತ್ರದವನೊಬ್ಬ ಆ ಫೋಟೋ ಹೊತ್ತು ನಿಂತು ಕೇಳುತ್ತಿದ್ದ, "ಸಾರ್, ಇದನ್ನ ಎಲ್ಲಿಡ್ಲಿ?"

ಯಾವ ಕೈಯ ಹೆಸರಿನಲ್ಲಿ ಮೆರೆಯುತ್ತೇವೋ, ಆ ಕೈಗೆ ನಾಚುವ ಹಕ್ಕು ನಮಗಿಲ್ಲ.

ನಾಲ್ಕು ಜನರೆದುರು ನೀವು ಮೆತ್ತಗೆ ಹಿಡಿದು ಕೆಳಗಿಳಿಸಿದ ಕೈ ಯಾರದು... ಇವತ್ತು ಒಮ್ಮೆ ನೆನಪಿಸಿಕೊಳ್ಳುತ್ತೀರಾ?